ತವರಿನ ಕಿಚ್ಚು, ಅತ್ತೆಮನೆಯ ತೆಪ್ಪಕುಳ

ಹಬ್ಬ ಎಂದೊಡನೆ ಹೋಳಿಗೆ, ಪಾಯಸ, ಹೊಸ ಬಟ್ಟೆ ನೆನಪಾಗುವುದು ಸಹಜ. ಆದರೆ ಒಕ್ಕಲುತನದ ಮನೆಯಲ್ಲಿ ಹಬ್ಬಕ್ಕೆ ಬೇರೊಂದು ಕೆಲಸವೂ ಉಂಟು. ವರ್ಷಕ್ಕೆ ಒಂದು ದಿನವಾದರೂ ಯಜಮಾನನು ಕೊಟ್ಟಿಗೆಯ ಪ್ರತಿಯೊಂದು ರಾಸಿನ ಮೈಮೇಲೆ ಕೈಯಾಡಿಸಬೇಕು, ಹೊಲದ ನಾಲ್ಕು ಮೂಲೆಯನ್ನೂ ಮೆಟ್ಟಿ ಬರಬೇಕು, ಕಣಜದ ತಳ ನೋಡಬೇಕು. ಈ ಮೂರನ್ನೂ ದೇವರ ಹೆಸರಿನಲ್ಲಿ ಮಾಡಿಸುವುದೇ ಸುಗ್ಗಿಯ ಹಬ್ಬ. ಬೇರೆ ಹಬ್ಬ ತಪ್ಪಿದರೆ ನಾಲಿಗೆಗೆ ನಷ್ಟ. ಸಂಕ್ರಾಂತಿ ತಪ್ಪಿದರೆ ಸಾಗುವಳಿಗೇ ನಷ್ಟ ಎಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಗಡಿಸೀಮೆಯ ಹೆಣ್ಣುಮಕ್ಕಳಿಗೆ ಈ ಹಬ್ಬ ಎರಡು ಬಗೆಯಲ್ಲಿ ಪರಿಚಯವಾಗುತ್ತದೆ. ಹುಟ್ಟಿದ ಮನೆಯಲ್ಲಿ ಒಂದು, ಸೇರಿದ ಮನೆಯಲ್ಲಿ ಮತ್ತೊಂದು. ನನ್ನ ತವರು ತಾಳವಾಡಿ ಸೀಮೆ. ಅತ್ತೆಮನೆ ವೆಳ್ಳಕೋಯಿಲ್ ಬಳಿಯ ಬಯಲು. ಎರಡು ಕಡೆಯ ಹಬ್ಬವನ್ನೂ ಕೈಯಾರೆ ಮಾಡಿದವಳಾದುದರಿಂದ, ಎರಡರಲ್ಲಿ ಯಾವುದು ಉಳಿಯತಕ್ಕದ್ದು, ಯಾವುದನ್ನು ತಿದ್ದಿಕೊಳ್ಳಬೇಕು ಎಂಬ ನಾಲ್ಕು ಮಾತುಗಳನ್ನು ಇಲ್ಲಿ ಹೇಳುತ್ತೇನೆ.

ಒಂದೇ ಜಿಲ್ಲೆ, ಎರಡು ಸೀಮೆ

ಈಗ ನಕ್ಷೆ ನೋಡುವವರಿಗೆ ತಾಳವಾಡಿಯು ಈರೋಡು ಜಿಲ್ಲೆಗೂ ವೆಳ್ಳಕೋಯಿಲ್ ತಿರುಪ್ಪೂರು ಜಿಲ್ಲೆಗೂ ಸೇರಿದೆ. ಹಿಂದೆ ಇವೆಲ್ಲವೂ ಕೊಯಮತ್ತೂರು ಜಿಲ್ಲೆಯೇ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವೂ ಅದರಲ್ಲೇ ಇತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲವು ಮೈಸೂರಿಗೆ ಬಂತು, ತಾಳವಾಡಿ ಆಚೆಯೇ ಉಳಿಯಿತು. 1979ರಲ್ಲಿ ಕೊಯಮತ್ತೂರನ್ನು ಒಡೆದು ಈರೋಡಿನ ಜಿಲ್ಲೆ ಮಾಡಿದರು. 2009ರಲ್ಲಿ ತಿರುಪ್ಪೂರು ಬೇರೆಯಾಯಿತು. ನಾನು ಮದುವೆಯಾಗಿ ಬಂದ 1988ರಲ್ಲಿ ತವರೂ ಅತ್ತೆಮನೆಯೂ ಒಂದೇ ಜಿಲ್ಲೆಯ ಎರಡು ತುದಿಗಳಾಗಿದ್ದವು.

ಜಿಲ್ಲೆ ಒಂದಾದರೂ ನೆಲ ಒಂದಲ್ಲ. ತಾಳವಾಡಿ ಮೇಲುನಾಡು, ಸುತ್ತ ಕಾಡು, ರಾಗಿಯ ಹೊಲ, ಸಂತೆಗೆ ಚಾಮರಾಜನಗರ. ಅಲ್ಲಿಂದ ಹಾಸನೂರು ದಾಟಿ, ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಬಣ್ಣಾರಿ ಅಮ್ಮನಿಗೆ ಕೈಮುಗಿದು, ಸತ್ಯಮಂಗಲ, ಗೋಪಿಚೆಟ್ಟಿಪಾಳ್ಯಗಳನ್ನು ಕಳೆದು ಕಾಂಗೇಯಕ್ಕೆ ಬಂದರೆ ಗಾಳಿಯೇ ಬೇರೆ. ಕಾಂಗೇಯದಿಂದ ಕರೂರಿನ ಹೆದ್ದಾರಿಯಲ್ಲಿ ಪೂರ್ವಕ್ಕೆ ಸುಮಾರು 20 ಕಿಲೋಮೀಟರ್ ನಡೆದರೆ ವೆಳ್ಳಕೋಯಿಲ್. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಪರಂಬಿಕುಳಂ–ಆಳಿಯಾರ್ ಯೋಜನೆಯ ಕಾಲುವೆಗೆ ಇದು ಕಡೆಯ ತುದಿ. ನೀರು ಬಂದರೆ ಬಂತು, ಇಲ್ಲವಾದರೆ ಬಾವಿಯೇ ಗತಿ. ನುಗ್ಗೆ, ತೆಂಗು, ಎಳ್ಳು, ಜೋಳ ಇಲ್ಲಿಯ ಬೆಳೆ. ಕುರಿಯೂ ದನವೂ ಇಲ್ಲಿಯ ಬದುಕು.

ನನ್ನ ಗಂಡನ ಮನೆಯವರು ತಲೆಮಾರುಗಳ ಹಿಂದೆ ಬಯಲಿಗೆ ಇಳಿದ ಕನ್ನಡದ ಒಕ್ಕಲಿನವರು. ಮನೆಯೊಳಗೆ ಕನ್ನಡ, ಕಣದಲ್ಲಿ ತಮಿಳು. ಕೊಯಮತ್ತೂರು ಕಡೆಯ ದೇವಾಂಗದ ನೇಕಾರರ ಮನೆಗಳಲ್ಲಿಯೂ ಇದೇ ರೀತಿ. ನುಡಿ ಉಳಿದರೂ ಹಬ್ಬದ ಕ್ರಮ ಮಾತ್ರ ನೆಲದ್ದೇ ಆಗಿಬಿಟ್ಟಿದೆ. ಅದರಲ್ಲಿ ಆಶ್ಚರ್ಯವಿಲ್ಲ. ದನ ಯಾವ ನೆಲದ ಹುಲ್ಲು ತಿನ್ನುತ್ತದೋ ದನದ ಹಬ್ಬವೂ ಆ ನೆಲದ್ದೇ ಆಗುತ್ತದೆ.

ತವರಿನ ಕಿಚ್ಚು

ನಮ್ಮ ತವರಿನಲ್ಲಿ ಮನೆಗೆ ‘ಹಟ್ಟಿ’ ಎನ್ನುವುದು ವಾಡಿಕೆ. ‘ಹಟ್ಟಿಗೆ ಹೋಗಿ ಬತ್ತೀನಿ’ ಎಂದರೆ ಮನೆಗೆ ಹೋಗಿ ಬರುತ್ತೇನೆ ಎಂದರ್ಥ. ಸಂಕ್ರಾಂತಿಯ ದಿನ ಬೆಳಗ್ಗೆ ಹಟ್ಟಿಯ ಜನಕ್ಕಿಂತ ಮೊದಲು ರಾಸುಗಳಿಗೆ ಸ್ನಾನ. ಅಪ್ಪ ಅವನ್ನು ಕೆರೆಗೆ ಹೊಡೆದುಕೊಂಡು ಹೋಗಿ ತೆಂಗಿನ ನಾರಿನಿಂದ ಮೈಯುಜ್ಜುತ್ತಿದ್ದರು. ಕೊಂಬು ಹೆರೆದು ಬಣ್ಣ ಬಳಿಯುವುದು, ಹಳೆಯ ಕಣ್ಣಿ ಬಿಚ್ಚಿ ಹೊಸ ಕಣ್ಣಿ ಕಟ್ಟುವುದು, ಮೂಗುದಾರ ಬದಲಿಸುವುದು, ಕೊರಳಿಗೆ ಗೆಜ್ಜೆ, ಹಣೆಗೆ ಅರಿಸಿನ ಕುಂಕುಮ. ಮಕ್ಕಳಾದ ನಮಗೆ ಒಬ್ಬೊಬ್ಬರಿಗೆ ಒಂದೊಂದು ರಾಸು ಪಾಲಿಗೆ ಬರುತ್ತಿತ್ತು. ನನ್ನ ಪಾಲಿಗೆ ಬಂದದ್ದು ಕೆಂದ ಎಂಬ ಮುದಿ ಎತ್ತು. ಅದರ ಹೆಗಲಿನ ಗಾಯವನ್ನು ಮೊದಲು ಕಂಡದ್ದು ಅಪ್ಪನಲ್ಲ, ಬಣ್ಣ ಬಳಿಯಲು ಹೋದ ನಾನು. ನೊಗದ ಉಜ್ಜಿಗೆ ಚರ್ಮ ಸುಲಿದು ಹುಳ ಬೀಳುವ ಹಂತಕ್ಕೆ ಬಂದಿತ್ತು. ಹಬ್ಬದ ದೆಸೆಯಿಂದ ಆ ಎತ್ತಿಗೆ ಒಂದು ತಿಂಗಳ ಬಿಡುವೂ ಬೇವಿನೆಣ್ಣೆಯ ಆರೈಕೆಯೂ ಸಿಕ್ಕಿತು.

ಹೊತ್ತು ಮುಳುಗಿದ ಮೇಲೆ ಊರ ಬಾಗಿಲಿನಲ್ಲಿ ದಾರಿಗಡ್ಡವಾಗಿ ಹುಲ್ಲು ಹರಡಿ ಬೆಂಕಿ ಹಚ್ಚುತ್ತಿದ್ದರು. ಗಂಡಾಳುಗಳು ರಾಸುಗಳ ಹಗ್ಗ ಹಿಡಿದು ಕೇಕೆ ಹಾಕುತ್ತ ಅದರ ಮೇಲೆ ಹಾಯಿಸುತ್ತಿದ್ದರು. ಇದೇ ಕಿಚ್ಚು ಹಾಯಿಸುವುದು. ಮೈಸೂರಿನ ಬಳಿಯ ಸಿದ್ಧಲಿಂಗಪುರದಲ್ಲಿ ಇದನ್ನು ನೋಡಲು ಈಗಲೂ ಪೇಟೆಯ ಜನ ಕಿಕ್ಕಿರಿದು ಸೇರುತ್ತಾರೆ. ಕಿಚ್ಚು ಹಾಯ್ದು ಬಂದ ರಾಸುಗಳಿಗೆ ಅವ್ವ ಬಾಗಿಲಿನಲ್ಲೇ ಆರತಿ ಎತ್ತಿ, ನಿವಾಳಿಸಿ ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಅಷ್ಟಾದ ಮೇಲೆಯೇ ನಮಗೆ ಹುಗ್ಗಿ, ಅವರೆಕಾಯಿ, ಬೇಯಿಸಿದ ಗೆಣಸು. ಅಜ್ಜಿ ಮಾತ್ರ ಉಣ್ಣುವ ಮುನ್ನ ಕೊಟ್ಟಿಗೆಯ ಗೋಡೆಗೆ ಕೆಮ್ಮಣ್ಣಿನ ಬೊಟ್ಟು ಇಡುತ್ತಿದ್ದಳು, ರಾಸಿಗೊಂದು ಬೊಟ್ಟು. ಹಿಂದಿನ ವರ್ಷದ ಬೊಟ್ಟುಗಳು ಪಕ್ಕದಲ್ಲೇ ಇರುತ್ತಿದ್ದವು. ಅಕ್ಷರ ಬಾರದ ಅಜ್ಜಿಯ ದನದ ಲೆಕ್ಕದ ಪುಸ್ತಕ ಅದು.

ತಾಳವಾಡಿ ಸೀಮೆಯಲ್ಲಿ ದನದ ಹಬ್ಬ ಇದೊಂದೇ ಅಲ್ಲ. ಗುಮಟಾಪುರದಲ್ಲಿ ದೀಪಾವಳಿಯ ಬಲಿಪಾಡ್ಯಮಿಯ ಮಾರನೆಯ ದಿನ ಗೊರೆಹಬ್ಬ ನಡೆಯುತ್ತದೆ. ಊರ ಸಗಣಿಯನ್ನೆಲ್ಲ ಬೀರೇಶ್ವರನ ಗುಡಿಯ ಬಳಿ ರಾಶಿ ಹಾಕಿ ಜನರು ಒಬ್ಬರ ಮೇಲೊಬ್ಬರು ಎರಚಿಕೊಳ್ಳುತ್ತಾರೆ. ಹೊರಗಿನವರಿಗೆ ಇದು ನಗೆ. ಆದರೆ ಒಂದು ಊರಿಗೆ ಅಷ್ಟು ಸಗಣಿ ಒಟ್ಟಾಗಬೇಕಾದರೆ ಅಷ್ಟು ದನ ಇರಬೇಕಲ್ಲ ಎಂಬುದನ್ನು ನಗುವವರು ಯೋಚಿಸುವುದಿಲ್ಲ.

ಅತ್ತೆಮನೆಯ ನಾಲ್ಕು ದಿನ

ಮದುವೆಯಾದ ಮೊದಲ ವರ್ಷದ ಹಬ್ಬ ಬಂದಿತು. ಕಿಚ್ಚು ಯಾವಾಗ ಎಂದು ಕೇಳಿದೆ. ನಾದಿನಿ ನಕ್ಕಳು. ಈ ಬಯಲಿನಲ್ಲಿ ಕಿಚ್ಚಿಲ್ಲ. ಇಲ್ಲಿ ರಾಸುಗಳು ಹಾಯುವುದು ನೀರನ್ನು.

ಕೊಂಗುನಾಡಿನಲ್ಲಿ ಹಬ್ಬಕ್ಕೆ ‘ನೋಂಬಿ’ ಎನ್ನುತ್ತಾರೆ. ನಮ್ಮ ಹಳಗನ್ನಡದ ‘ನೋಂಪಿ’ಯ ಬಳಗದ ಮಾತೇ ಅದು. ಮೊದಲ ದಿನ ಬೋಗಿ. ಅಂದು ಬೇವಿನ ಸೊಪ್ಪು, ಆವರಿಕೆಯ ಹೂ, ಪೂಳೈ ಎಂದು ಅವರು ಕರೆಯುವ ಬಿಳಿ ಹಿಂಡಿ ಗಿಡದ ಹೂ, ಇವುಗಳ ಸಣ್ಣ ಕಟ್ಟು ಮಾಡಿ ಮನೆಯ ಬಾಗಿಲಿಗೆ ಸಿಕ್ಕಿಸುತ್ತಾರೆ. ಇದಕ್ಕೆ ಕಾಪು ಕಟ್ಟುವುದೆಂದು ಹೆಸರು. ಬಾಗಿಲಿಗೆ ಕಟ್ಟಿದರೆ ಮುಗಿಯಲಿಲ್ಲ. ಕೊಟ್ಟಿಗೆ, ಬಾವಿ, ಕಣ, ಪ್ರತಿಯೊಂದು ಹೊಲ, ಎಲ್ಲ ಕಡೆಗೂ ಒಂದೊಂದು ಕಟ್ಟು ಹೋಗಬೇಕು. ಮಾವನವರು ಬುಟ್ಟಿ ಹೊತ್ತು ಹೊರಟರೆ ಹಿಂದಿರುಗುವಾಗ ಹೊತ್ತು ಏರಿರುತ್ತಿತ್ತು. ಬಂದವರು ಬೇಲಿ ಎಲ್ಲಿ ಹರಿದಿದೆ, ಯಾವ ತೆಂಗಿಗೆ ದುಂಬಿ ಬಿದ್ದಿದೆ, ಬಾವಿಯ ನೀರು ಎಷ್ಟು ಮೊಳ ಇಳಿದಿದೆ ಎಂದು ಒಂದೊಂದಾಗಿ ಹೇಳುತ್ತಿದ್ದರು. ವರ್ಷಾರಂಭದಲ್ಲೇ ಹೊಲದ ಪರೀಕ್ಷೆ ಮುಗಿಯುತ್ತಿತ್ತು.

ಎರಡನೆಯ ದಿನ ಸೂರ್ಯನ ಪೊಂಗಲ್. ಅದರ ಮಾರನೆಯ ದಿನ ಪಟ್ಟಿಪೊಂಗಲ್. ಬೇರೆ ಕಡೆ ಇದನ್ನು ಮಾಟ್ಟುಪ್ಪೊಂಗಲ್ ಎನ್ನುತ್ತಾರೆ. ಕೊಂಗಿನ ಒಕ್ಕಲಿಗೆ ಇದೇ ದೊಡ್ಡ ಹಬ್ಬ. ತಮಿಳಿನ ‘ಪಟ್ಟಿ’ ಎಂದರೆ ದನ ಕೂಡುವ ದೊಡ್ಡಿ. ಅವರ ಪಾಲು ನಮಗೆ ಹಾಲು, ಅವರ ಪೊಂಗು ನಮಗೆ ಹೊಂಗು. ಹಾಗೆಯೇ ಅವರ ಪಟ್ಟಿ ನಮ್ಮ ಹಟ್ಟಿ. ತವರಿನಲ್ಲಿ ಜನ ಇರುವ ಮನೆಗೆ ಹೇಳುವ ಮಾತನ್ನು ಇಲ್ಲಿ ದನ ಇರುವ ದೊಡ್ಡಿಗೆ ಹೇಳುತ್ತಾರೆ. ಇದು ತಿಳಿದ ದಿನ ನನಗೆ ಅತ್ತೆಮನೆ ಅರ್ಧ ತವರಾಯಿತು.

ಅಂದು ಒಲೆ ಹೂಡುವುದು ಅಡುಗೆಮನೆಯಲ್ಲಲ್ಲ, ದೊಡ್ಡಿಯೊಳಗೆ. ಮೂರು ಕಲ್ಲಿನ ಮೇಲೆ ಹೊಸ ಮಡಕೆ. ಅದರ ಕೊರಳಿಗೆ ಎಲೆ ಸಹಿತ ಅರಿಸಿನದ ಗಿಡ. ಪಕ್ಕದಲ್ಲಿ ಮಣ್ಣಿನಿಂದ ಸಣ್ಣ ಚೌಕದ ಕಟ್ಟೆ ಕಟ್ಟಿ, ಸಗಣಿ ಸಾರಿಸಿ, ನೀರು ತುಂಬಿ, ಸುತ್ತಲೂ ಆವರಿಕೆಯ ಹೂ ಇಡುತ್ತಾರೆ. ಇದೇ ತೆಪ್ಪಕುಳ. ಪೂಜೆಯಾದ ಮೇಲೆ ರಾಸನ್ನು ಆ ಕುಳ ಮೆಟ್ಟಿಸಿ ದಾಟಿಸುತ್ತಾರೆ. ಹುಡುಗರು ತಟ್ಟೆ ಬಡಿಯುತ್ತ ದೊಡ್ಡಿಯನ್ನು ಸುತ್ತುತ್ತಾರೆ. ಸಂತತಿ ಹೆಚ್ಚಲೆಂದೂ ರೋಗರುಜಿನ ಊರು ಬಿಡಲೆಂದೂ ಕೂಗುವುದು ವಾಡಿಕೆ. ಅತ್ತೆಯವರು ರಾಸಿಗೊಂದರಂತೆ ಬಾಳೆಯೆಲೆ ಹಾಕಿ, ಎಲೆಗೆ ಒಂದೇ ಹಿಡಿ ಪೊಂಗಲನ್ನೂ ಒಂದು ಬಾಳೆಹಣ್ಣನ್ನೂ ಇಡುತ್ತಿದ್ದರು. ನಮ್ಮ ಅಜ್ಜಿಯ ಬೊಟ್ಟಿನ ಲೆಕ್ಕ ಇಲ್ಲಿ ಎಲೆಯ ಲೆಕ್ಕವಾಗಿತ್ತು. 1989ರ ಜನವರಿಯ ನನ್ನ ಮೊದಲ ಪಟ್ಟಿಪೊಂಗಲಿಗೆ ಬಿದ್ದ ಎಲೆಗಳು ಹನ್ನೊಂದು.

ಮರುದಿನ ಹೆಣ್ಣುಮಕ್ಕಳ ದಿನ, ಹೂ ಕೀಳುವ ನೋಂಬಿ. ನಾದಿನಿ ನನ್ನ ಕೈಹಿಡಿದು ಆವರಿಕೆಯ ಹೂವಿಗೆ ಕೊರಂಗಾಡಿಗೆ ಕರೆದೊಯ್ದಳು. ತವರಿನ ದನ ಕಾಡಿನಲ್ಲಿ ಮೇಯುವುದನ್ನು ಕಂಡವಳಿಗೆ ಕೊರಂಗಾಡು ಹೊಸದು. ಇದು ಊರಿಗೆ ಸೇರಿದ ಗೋಮಾಳವಲ್ಲ; ಒಬ್ಬೊಬ್ಬ ರೈತನ ಸ್ವಂತ ಹುಲ್ಲುಗಾವಲು. ಕೆಲವು ಎಕರೆಗಳ ತುಂಡಿಗೆ ಮುಳ್ಳುಕಿಳುವೆಯ ಜೀವಂತ ಬೇಲಿ. ಒಳಗೆ ಕೊಳುಕ್ಕಟ್ಟೈ ಹುಲ್ಲು. ನಡುನಡುವೆ ನೆರಳಿಗೂ ಕಾಯಿಗೂ ಬಿಳಿಜಾಲಿ ಮರ. ಬೇಲಿ ಗಟ್ಟಿಯಾಗಿದ್ದರೆ ಕಾಯುವ ಹುಡುಗ ಬೇಡ. ಒಂದು ತುಂಡು ಮೇದ ಮೇಲೆ ಮುಂದಿನದಕ್ಕೆ ಬಿಟ್ಟರೆ ಮೊದಲನೆಯದು ಚಿಗುರುತ್ತದೆ. ಕಾಂಗೇಯದ ಹೆಸರಾಂತ ರಾಸುಗಳೂ ಮೇಚೇರಿ ಕುರಿಗಳೂ ಬೆಳೆದದ್ದು ಈ ಹುಲ್ಲಿನ ಮೇಲೆಯೇ.

ಎಳ್ಳು ಬೀರಿದ ಬಗೆ

ಕಿಚ್ಚನ್ನು ಬಿಟ್ಟುಕೊಟ್ಟೆನಾದರೂ ಎಳ್ಳು ಬೀರುವುದನ್ನು ಬಿಡಲು ಮನಸ್ಸು ಬರಲಿಲ್ಲ. ಮದುವೆಯಾದ ಹೊಸತರಲ್ಲಿ ಐದು ವರ್ಷ ಬಾಳೆಹಣ್ಣು ಸೇರಿಸಿ ಎಳ್ಳು ಬೀರುವುದು ನಮ್ಮ ಕಡೆಯ ಕ್ರಮ. ಮೊದಲ ವರ್ಷ ಐದು ಹಣ್ಣು, ಮುಂದೆ ವರ್ಷವರ್ಷಕ್ಕೆ ಐದೈದು ಹೆಚ್ಚು. ಬೇಕಾದ ಸಾಮಗ್ರಿಗೆ ಈ ಸೀಮೆಯಲ್ಲಿ ಕೊರತೆಯೇ ಇಲ್ಲ. ಎಳ್ಳು ಪಕ್ಕದ ಮುತ್ತೂರಿನ ಮಾರುಕಟ್ಟೆಗೆ ಬರುತ್ತದೆ. ಕೊಬ್ಬರಿಗೆ ಕಾಂಗೇಯವೇ ಊರು. ಆದರೆ ತಟ್ಟೆ ಹಿಡಿದು ಹೊರಟಾಗ ನೆರೆಯ ಹೆಂಗಸರು ಹಿಂಜರಿದರು. ಎಳ್ಳು ಪಿತೃಕಾರ್ಯದ ವಸ್ತು, ಕೈಯಿಂದ ಕೈಗೆ ತೆಗೆದುಕೊಳ್ಳಬಾರದು ಎಂಬುದು ಅವರ ನಂಬಿಕೆ. ಆ ನಂಬಿಕೆ ನಮ್ಮಲ್ಲೂ ಇದೆ. ಸಂಕ್ರಾಂತಿಯೊಂದು ದಿನ ಮಾತ್ರ ಅದಕ್ಕೆ ಬಿಡುವು.

ಅತ್ತೆಯವರು ಒಂದು ಉಪಾಯ ಹೇಳಿದರು. ‘ಬಿಡಿ ಎಳ್ಳು ಕೊಡಬೇಡ ತಾಯಿ. ಬೆಲ್ಲದ ಪಾಕ ಹಿಡಿದು ಉಂಡೆ ಕಟ್ಟಿಬಿಡು. ಉಂಡೆ ಬೇಡ ಎನ್ನುವವರು ಯಾರಿದ್ದಾರೆ?’ ಹಾಗೆಯೇ ಆಯಿತು. ಹುರಿದ ಎಳ್ಳು, ಕಡಲೆಕಾಯಿ ಬೀಜ, ಕೊಬ್ಬರಿ ಸೇರಿಸಿದ ಎಳ್ಳುಂಡೆಯನ್ನು ಬೀದಿಯವರೆಲ್ಲ ಸಂತೋಷವಾಗಿ ತೆಗೆದುಕೊಂಡರು. ಮೂರನೆಯ ವರ್ಷದಿಂದ ಅವರೇ ‘ಕನ್ನಡದ ಉಂಡೆ ಎಲ್ಲಿ?’ ಎಂದು ಕೇಳತೊಡಗಿದರು. ಸೊಸೆಯು ತವರಿನ ಪದ್ಧತಿಯನ್ನು ಹಟದಿಂದ ಸಾಧಿಸುವುದೂ ಬೇಡ, ನಾಚಿಕೆಯಿಂದ ಮರೆಯುವುದೂ ಬೇಡ. ನೆಲಕ್ಕೆ ತಕ್ಕಂತೆ ಬಿತ್ತನೆಯ ಆಳ ಬದಲಿಸಿದರೆ ಬೀಜ ಮೊಳೆಯುತ್ತದೆ.

ದನದ ಹಬ್ಬದಲ್ಲಿ ದನಕ್ಕೆ ಅಪಾಯ

ಇನ್ನು ಈ ಪುಟದ ಓದುಗರು ಮುಖ್ಯವಾಗಿ ಗಮನಿಸತಕ್ಕ ವಿಷಯಕ್ಕೆ ಬರುತ್ತೇನೆ. ಎಲೆಗೆ ಒಂದೇ ಹಿಡಿ ಪೊಂಗಲ್ ಎಂದು ಹೇಳಿದೆನಷ್ಟೆ. ಇದು ಜಿಪುಣತನವಲ್ಲ. ನಮ್ಮ ಬೀದಿಯ ಒಂದು ಮನೆಯಲ್ಲಿ ಒಂದು ವರ್ಷ ಪ್ರೀತಿ ಹೆಚ್ಚಾಗಿ, ಉಳಿದ ಸಿಹಿ ಪೊಂಗಲನ್ನೆಲ್ಲ ಹಾಲು ಕರೆಯುವ ಸೀಮೆಹಸುವಿನ ಮುಂದೆ ಸುರಿದರು. ಅದು ಬಕೆಟ್ಟುಗಟ್ಟಲೆ ತಿಂದಿತು. ರಾತ್ರಿಗೆ ಮೆಲುಕು ನಿಂತಿತು, ಹೊಟ್ಟೆ ಉಬ್ಬಿತು. ಬೆಳಗಿನ ಹೊತ್ತಿಗೆ ನೀರಿನಂತೆ ಭೇದಿಯಾಗಿ ಮಲಗಿದ ಹಸು ಮತ್ತೆ ಏಳಲಿಲ್ಲ. ಹಸುವಿನ ಹಬ್ಬವೇ ಹಸುವನ್ನು ತಿಂದಿತು ಎಂದು ಆ ಮನೆಯ ಮುದುಕಿ ಅತ್ತದ್ದನ್ನು ಕೇಳಿದವರು ಮರೆಯಲಾರರು.

ಇದರ ಕಾರಣ ಸರಳ. ಮೆಲುಕು ಹಾಕುವ ಪ್ರಾಣಿಯ ಮೊದಲನೆಯ ಹೊಟ್ಟೆಯಲ್ಲಿ ಹುಲ್ಲು ಜೀರ್ಣಿಸುವ ಸೂಕ್ಷ್ಮಜೀವಿಗಳು ಇರುತ್ತವೆ. ಅನ್ನ, ಬೆಲ್ಲ, ಹಿಟ್ಟು ಒಮ್ಮೆಗೇ ಹೆಚ್ಚು ಬಿದ್ದರೆ ಬೇರೆ ಬಗೆಯ ಜೀವಿಗಳು ಬೆಳೆದು ಆಮ್ಲ ಉತ್ಪತ್ತಿ ಮಾಡುತ್ತವೆ. ಹೊಟ್ಟೆ ಹುಳಿಯಾಗಿ, ಮೆಲುಕು ನಿಂತು, ಆ ಆಮ್ಲ ರಕ್ತಕ್ಕೂ ಸೇರುತ್ತದೆ. ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು. ಇಂತಹ ಲಕ್ಷಣ ಕಂಡ ಕೂಡಲೆ ಪಶುವೈದ್ಯರನ್ನು ಕರೆಯಿರಿ. ಅಡುಗೆ ಸೋಡವನ್ನು ನೀರಿನಲ್ಲಿ ಕದಡಿ ಕುಡಿಸಲು ಅವರು ಹೇಳುವುದುಂಟು. ಆದರೆ ಅಳತೆಯನ್ನು ಅವರ ಬಾಯಿಂದಲೇ ಕೇಳಬೇಕು. ಅತ್ತೆಯವರ ಮಾತು ನೆನಪಿನಲ್ಲಿಡತಕ್ಕದ್ದು: ‘ಹಸುವಿನ ಮೇಲೆ ಪ್ರೀತಿಯಿದ್ದರೆ ಹುಲ್ಲಿನಲ್ಲಿ ತೋರಿಸು, ಅನ್ನದಲ್ಲಿ ಬೇಡ.’

ಕಿಚ್ಚಿನ ವಿಷಯದಲ್ಲೂ ಎರಡು ಮಾತು. ಬೆಂಕಿ ಹಾಯ್ದರೆ ಉಣ್ಣೆ ಸಾಯುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಕ್ಷಣಮಾತ್ರದ ಉರಿಗೆ ಕಿವಿಯೊಳಗೆ, ಕೆಚ್ಚಲಿನ ಸಂದಿಯಲ್ಲಿ ಕಚ್ಚಿ ಕುಳಿತ ಉಣ್ಣೆ ಸಾಯಲಾರದು. ಅದಕ್ಕೆ ಮದ್ದೇ ಬೇಕು. ಕೆಚ್ಚಲು ಸುಟ್ಟುಕೊಂಡ ಹಸುವಿನ ಹಾಲು ಮಾತ್ರ ಹೋದದ್ದೇ. ಆದುದರಿಂದ ಕಿಚ್ಚು ಹಾಯಿಸಲೇಬೇಕೆಂದಿದ್ದರೆ ಹುಲ್ಲು ತೆಳ್ಳಗೆ ಹರಡಿ, ಉರಿ ಮೊಣಕಾಲಿಗಿಂತ ಕೆಳಗೆ ಇಳಿದ ಮೇಲೆ ಹಾಯಿಸಿರಿ. ಗಬ್ಬದ ಹಸು, ಕರು, ಮುದಿ ಎತ್ತುಗಳನ್ನು ತರಬೇಡಿರಿ. ಅವಕ್ಕೆ ಆರತಿಯೇ ಸಾಕು.

ತೆಪ್ಪಕುಳದಲ್ಲಿ ಈ ಭಯವಿಲ್ಲ. ಆದರೆ ಊರ ರಾಸುಗಳನ್ನೆಲ್ಲ ಒಂದೇ ತೊಟ್ಟಿಯಲ್ಲಿ ನೀರು ಕುಡಿಸಿ, ಒಂದೇ ಕಡೆ ಕೂಡಿಹಾಕುವುದು ಒಳ್ಳೆಯದಲ್ಲ. ಕಾಲುಬಾಯಿ ಜ್ವರವು ಜೊಲ್ಲಿನ ಮೂಲಕ ಬಲುಬೇಗ ಹರಡುತ್ತದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದಕ್ಕೆ ಆರು ತಿಂಗಳಿಗೊಮ್ಮೆ ಲಸಿಕೆ ಹಾಕುವ ಏರ್ಪಾಡಾಯಿತು. 2022ರಲ್ಲಿ ಚರ್ಮಗಂಟು ರೋಗ ದೇಶದ ಅನೇಕ ಕಡೆ ದನಗಳನ್ನು ಕೊಂದದ್ದನ್ನೂ ಕಂಡಿದ್ದೇವೆ. ಹಬ್ಬಕ್ಕೆ ಮೈತೊಳೆಯುವ ದಿನವೇ ಲಸಿಕೆ ಆಗಿದೆಯೋ ಇಲ್ಲವೋ ಎಂದು ನೋಡಿಕೊಳ್ಳುವ ವಾಡಿಕೆ ಬರಲಿ. ಕೊರಳಿಗೆ ಪ್ಲಾಸ್ಟಿಕ್ ಹಾರ ಬೇಡ. ರಾಸುಗಳು ಅದನ್ನು ಕಿತ್ತು ನುಂಗುತ್ತವೆ. ಬೋಗಿಯ ಬೆಂಕಿಗೆ ಟೈರು ಹಾಕುವುದನ್ನೂ ಬಿಡಬೇಕು.

ಎಲೆಗಳು ಕಡಮೆಯಾದ ಕಥೆ

ಹನ್ನೊಂದು ಎಲೆಗಳಿಂದ ಹೊರಟ ಲೆಕ್ಕ ವರ್ಷವರ್ಷಕ್ಕೆ ಇಳಿಯಿತು. ಇದು ನಮ್ಮೊಂದು ಮನೆಯ ಕಥೆಯಲ್ಲ. ಹಿಂದೆ ಕಾಂಗೇಯದ ಎತ್ತುಗಳು ಬಾವಿಯಿಂದ ಕಪಿಲೆ ಎಳೆಯುತ್ತಿದ್ದವು, ಗಾಡಿ ಹೂಡುತ್ತಿದ್ದವು, ಉಳುತ್ತಿದ್ದವು. 1932ರಲ್ಲಿ ನೀಲಗಿರಿಯ ಪೈಕಾರದಿಂದ ವಿದ್ಯುತ್ತು ಬಂದ ಮೇಲೆ ಕೊಯಮತ್ತೂರು ಸೀಮೆಯ ಬಾವಿಗಳಿಗೆ ಪಂಪುಗಳು ಒಂದೊಂದಾಗಿ ಬಂದವು, ಕಪಿಲೆ ನಿಂತಿತು. ಟ್ರಾಕ್ಟರು ಬಂತು, ನೇಗಿಲು ನಿಂತಿತು. ಹಾಲಿನ ಸಂಘಗಳು ಬಂದವು. ದಿನಕ್ಕೆ ಎರಡು ಮೂರು ಲೀಟರ್ ಕೊಡುವ ನಾಡಹಸುವಿನ ಜಾಗಕ್ಕೆ ಸೀಮೆಹಸು ಬಂತು. ಮಕ್ಕಳು ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ಹೋದರು. ಇವುಗಳಲ್ಲಿ ಯಾವುದನ್ನೂ ತಪ್ಪೆನ್ನಲಾಗದು. ಕಪಿಲೆ ಹೊಡೆದವರ ಬೆನ್ನು ಕಂಡವರು ಪಂಪನ್ನು ಬೈಯಲಾರರು.

ಆದರೆ ದನ ಹೋದಂತೆ ಕೊರಂಗಾಡೂ ಹೋಗುತ್ತದೆ. ಮೇಯುವ ಬಾಯಿಲ್ಲದ ಹುಲ್ಲುಗಾವಲಿಗೆ ಬೇಲಿ ಕಟ್ಟುವವರಿಲ್ಲ. ಬೇಲಿ ಹರಿದ ನೆಲ ಸೈಟಾಗುತ್ತದೆ. ಆಮೇಲೆ ಪಟ್ಟಿಪೊಂಗಲಿಗೆ ಪಟ್ಟಿಯೂ ಇರುವುದಿಲ್ಲ, ಕಾಪು ಕಟ್ಟಲು ಆವರಿಕೆಯ ಹೂವೂ ಸಿಗುವುದಿಲ್ಲ.

ನಮ್ಮ ಮನೆಗೆ ಪರೀಕ್ಷೆ ಬಂದದ್ದು 2016ರಲ್ಲಿ. ಆ ವರ್ಷದ ಹಿಂಗಾರು ತಮಿಳುನಾಡಿನಲ್ಲಿ 140 ವರ್ಷಗಳಲ್ಲೇ ಅತಿ ಕಡಮೆ. 2017ರ ಜನವರಿಯಲ್ಲಿ ಸರಕಾರವು ಎಲ್ಲ ಜಿಲ್ಲೆಗಳನ್ನೂ ಬರಪೀಡಿತವೆಂದು ಸಾರಿತು. ಮೇವಿನ ಬೆಲೆ ಕೇಳುವಂತಿರಲಿಲ್ಲ. ಊರಿನ ದನಗಳು ಲಾರಿ ಹತ್ತಿ ಹೋಗುತ್ತಿದ್ದವು. ಆ ಹೊತ್ತಿಗೆ ನಮ್ಮಲ್ಲಿ ಉಳಿದದ್ದು ಎರಡು ಹಸು. ಒಂದು ಮೈಲೈ, ಎಂದರೆ ಬೂದುಬಣ್ಣದ್ದು, ಇನ್ನೊಂದು ಪಿಳ್ಳೈ, ಎಂದರೆ ಬಿಳಿಯದು. ಹಬ್ಬ ಕಳೆಯಲಿ, ಆಮೇಲೆ ಮಾರೋಣವೆಂದು ಮೈದುನರು ಹೇಳಿದರು. ಪಟ್ಟಿಪೊಂಗಲಿನ ದಿನ ಅತ್ತೆಯವರು ಎರಡು ಎಲೆ ಹಾಕಿ ಕುಳಿತುಬಿಟ್ಟರು. ಅಂದೇ ಮದರಾಸಿನ ಕಡಲತೀರದಲ್ಲಿ ಜಲ್ಲಿಕಟ್ಟಿಗಾಗಿ ಹುಡುಗರು ಸೇರಲಿದ್ದಾರೆಂಬ ಮಾತು ಎಲ್ಲರ ಬಾಯಲ್ಲಿತ್ತು. 2014ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿದ್ದ ಆ ಆಟಕ್ಕೆ ಅದೇ ಜನವರಿಯಲ್ಲಿ ಕಾನೂನಿನ ತಿದ್ದುಪಡಿ ಬಂತು. 2023ರ ಮೇ 18ರಂದು ಸಂವಿಧಾನ ಪೀಠವು ಅದನ್ನು ಎತ್ತಿಹಿಡಿಯಿತು. ಮಾವನವರು ಅಂದು ಹೇಳಿದ್ದು ಇಷ್ಟೇ: ‘ಹೋರಿಗಾಗಿ ಕೂಗುವವರು ಸಾವಿರ ಜನ ಇದ್ದಾರೆ. ಹೋರಿ ಹೆರುವ ಹಸುವಿಗೆ ಹುಲ್ಲು ಹಾಕುವವರು ಯಾರು?’

ಮಾರುವ ಮಾತು ಅಲ್ಲಿಗೆ ನಿಂತಿತು. ಕೊರಂಗಾಡು ಬೋಳಾಗಿ ಕಂಡರೂ ಬಿಳಿಜಾಲಿಯ ಕಾಯಿ ಉದುರುತ್ತಿತ್ತು. ಅದನ್ನು ಗುಡಿಸಿ ತಂದು ಹಾಕಿದೆವು. ತವರಿನಿಂದ ಅಣ್ಣ ಒಂದು ಲಾರಿ ರಾಗಿಹುಲ್ಲು ಕಳುಹಿಸಿದ. ಬರದಲ್ಲಿ ಕೊಳುಕ್ಕಟ್ಟೈ ಹುಲ್ಲಿನ ಮೇಲುಭಾಗ ಒಣಗಿದರೂ ಬುಡ ಸಾಯುವುದಿಲ್ಲ, ಉದುರಿದ ಬೀಜವೂ ಮಣ್ಣಿನಲ್ಲಿ ಕಾದಿರುತ್ತದೆ. ಮಳೆ ಬಿದ್ದೊಡನೆ ನೆಲ ಮತ್ತೆ ಹಸುರಾಯಿತು. ಕೊಂಡ ಹಿಂಡಿ, ಬೂಸಾಗಳನ್ನೇ ನಂಬಿದ್ದ ಕೊಟ್ಟಿಗೆಗಳು ಖಾಲಿಯಾದವು. ಹುಲ್ಲುಗಾವಲು ಉಳಿಸಿಕೊಂಡಿದ್ದವರು ಒಂದೆರಡು ರಾಸನ್ನಾದರೂ ಉಳಿಸಿಕೊಂಡರು. ಹೋದ ಹಬ್ಬಕ್ಕೆ ನಮ್ಮಲ್ಲಿ ಐದು ಎಲೆಗಳು ಬಿದ್ದವು.

ಕೊಳ್ಳುವವರಿಗೆ ದಾರಿ ಇಲ್ಲದಿಲ್ಲ. ಚಿತ್ತಿರೈ ತಿಂಗಳಲ್ಲಿ ವೆಳ್ಳಕೋಯಿಲ್ ಬಳಿಯ ಕಣ್ಣಪುರದ ಮಾರಿಯಮ್ಮನ ಜಾತ್ರೆಗೆ ಕಾಂಗೇಯದ ರಾಸುಗಳು ಕೂಡುತ್ತವೆ. ಆಡಿ ತಿಂಗಳಲ್ಲಿ ಅಂದಿಯೂರಿನ ಗುರುನಾಥಸ್ವಾಮಿಯ ಜಾತ್ರೆಯುಂಟು. ಅಲ್ಲಿ ನಮ್ಮ ಕನ್ನಡದ ಲಿಂಗಾಯತರು ಬರಗೂರು ಬೆಟ್ಟದಲ್ಲಿ ಸಾಕುವ ಕೆಂಪು ಬಿಳಿ ಮಚ್ಚೆಯ ರಾಸುಗಳೂ ಬರುತ್ತವೆ. ಕಾಂಗೇಯ ತಳಿಗೆ ರೂಪ ಕೊಟ್ಟವರು ಪಳೆಯಕೋಟೆಯ ಪಟ್ಟಗಾರರೆಂಬುದು ಎಲ್ಲರೂ ಬಲ್ಲ ಮಾತು.

ಸೀರಿನಲ್ಲಿ ಒಂದು ಕಡಸು

ನಮ್ಮಲ್ಲಿ ಗೌರಿಹಬ್ಬಕ್ಕೆ ತವರಿನ ಬಾಗಿನ ಬರುವಂತೆ ಕೊಂಗಿನಲ್ಲಿ ಪೊಂಗಲಿಗೆ ತವರಿನ ಸೀರು ಬರುತ್ತದೆ. ಹಿತ್ತಾಳೆಯ ಪಾತ್ರೆ, ಅಕ್ಕಿ, ಬೆಲ್ಲ, ಕಬ್ಬು, ಎಲೆ ಸಹಿತ ಅರಿಸಿನ. ನನ್ನ ಮೊದಲ ಪೊಂಗಲಿಗೆ ಅಪ್ಪ ತಾಳವಾಡಿಯ ಹೊಲದ ಅರಿಸಿನದ ಗಿಡವನ್ನು ಬೇರುಮಣ್ಣಿನೊಡನೆ ಬಸ್ಸಿನಲ್ಲಿ ತಂದಿದ್ದರು. ಪೂಜೆಯಾದ ಮೇಲೆ ಅತ್ತೆಯವರು ಅದರ ಗೆಡ್ಡೆಯನ್ನು ಬಾವಿಯ ಬದಿಯಲ್ಲಿ ನೆಟ್ಟರು. ಅದರ ಸಂತತಿ ಇಂದಿಗೂ ನಮ್ಮ ಮಡಕೆಯ ಕೊರಳಿಗೆ ಒದಗುತ್ತಿದೆ. ಪಾತ್ರೆಗಳು ಮಾತ್ರ ಅಟ್ಟದ ಮೇಲೆ ಕಪ್ಪಾಗಿವೆ.

ನಮ್ಮ ಮಗಳನ್ನು ಕೊಳ್ಳೇಗಾಲದ ಕಡೆಗೆ ಕೊಟ್ಟೆವು. ಅವಳ ಮೊದಲ ಸುಗ್ಗಿ ಹಬ್ಬಕ್ಕೆ ಪಾತ್ರೆಯ ಬದಲು ಮೈಲೈ ಹಸುವಿನ ಹೆಣ್ಣುಕರುವನ್ನು ಕಳುಹಿಸಿದೆವು. ಕಾಂಗೇಯದ ಕರು ಹುಟ್ಟುವಾಗ ಕೆಂಪು. ಆರು ತಿಂಗಳ ಹೊತ್ತಿಗೆ ಬೂದುಬಣ್ಣಕ್ಕೆ ತಿರುಗುತ್ತದೆ. ಇದನ್ನು ಅರಿಯದ ಬೀಗರು ‘ಕೊಟ್ಟ ಕರು ಕೆಂಪಗಿತ್ತಲ್ಲ, ಇದೇನು ಬಣ್ಣ ಬಿಡುತ್ತಿದೆ?’ ಎಂದು ಗಾಬರಿಯಾಗಿ ಹೇಳಿಕಳುಹಿಸಿದರು. ಈಗ ಅದು ಎರಡು ಸೂಲು ಕಂಡಿದೆ. ಅಲ್ಲಿ ಅದು ಕಿಚ್ಚು ಹಾಯುವುದಿಲ್ಲ. ಮಗಳು ಕೊಟ್ಟಿಗೆಯ ಮುಂದೆ ಸಣ್ಣದೊಂದು ತೆಪ್ಪಕುಳ ಕಟ್ಟಿ ದಾಟಿಸುತ್ತಾಳಂತೆ. ಅತ್ತೆ ಪಕ್ಕದಲ್ಲಿ ಆರತಿ ಹಿಡಿದು ನಿಲ್ಲುತ್ತಾರಂತೆ.

ಹಬ್ಬದ ಕ್ರಮ ಮನೆಯಿಂದ ಮನೆಗೆ, ಸೀಮೆಯಿಂದ ಸೀಮೆಗೆ ಬೇರೆ. ಬೆಂಕಿಯಾದರೂ ಆಗಲಿ, ನೀರಾದರೂ ಆಗಲಿ, ಅದರ ನಡುವೆ ಹಾಯಲು ಒಂದು ರಾಸು ಬೇಕು. ರಾಸಿಗೆ ಹುಲ್ಲು ಬೇಕು. ಹುಲ್ಲಿಗೆ ಬೇಲಿ ಬೇಕು. ಆದುದರಿಂದ ಮುಂದಿನ ಸುಗ್ಗಿಯ ಹಬ್ಬಕ್ಕೆ ಮೊದಲು ಪ್ರತಿಯೊಬ್ಬ ರೈತ ಗೃಹಸ್ಥರೂ ಮೂರು ಕೆಲಸ ಮಾಡಲಿ. ಬೋಗಿಯ ದಿನ ಬೇಲಿಯ ಸುತ್ತ ನಡೆದು ಹರಿದ ಕಡೆ ಗೂಟ ನೆಡಲಿ. ರಾಸು ತೊಳೆಯುವಾಗ ಹೆಗಲು, ಗೊರಸು, ಕೆಚ್ಚಲು ನೋಡಿ, ಲಸಿಕೆಯ ಲೆಕ್ಕ ಬರೆದಿಡಲಿ. ಮಗಳಿಗೆ ಕೊಡುವುದಿದ್ದರೆ ಅಟ್ಟ ಸೇರುವ ಪಾತ್ರೆಗಿಂತ ಮೊದಲು ಕೊಟ್ಟಿಗೆ ಸೇರುವ ಕಡಸನ್ನು ಯೋಚಿಸಲಿ. ಇಷ್ಟಾದರೆ ಹೋಳಿಗೆ ತಾನಾಗಿಯೇ ಸಿಹಿಯಾಗುತ್ತದೆ.